ಹೆಸರು ಹಿಡಿದು ಪ್ರಾರ್ಥನೆ

ಗೋಕಾಕದ ಕಣ್ಣಿನ ದವಾಖಾನೆಯ ಬೆಂಚಿನ ಮೇಲೆ, ನನ್ನ ಬಾಜೂ, ತುಕ್ಕಾನಟ್ಟಿಯ ಗಂಡ-ಹೆಂಡತಿ ಕೂತಿದ್ದರು. ಆಪರೇಷನ್ ಗಂಡನಿಗೆ, ಬೆವರು ಹೆಂಡತಿಗೆ.

“ಗಂಡ-ಹೆಂಡ್ತಿ ಒಬ್ಬರ ಸಲುವಾಗಿ ಒಬ್ಬರು ಹೆಸರ ಹಿಡದು ಪ್ರಾರ್ಥನಿ ಮಾಡ್ರಿ ಅಂತ ಪಾಸ್ಟರ್ ಹೇಳ್ಯಾರ. ನಾ ದಿನಾ ‘ನಮ್ಮ ರೂತವ್ವ’ ಅಂತೇನಿ. ನೀ?” ಗಂಡ ಕೇಳಿದ.

“‘ನಮ್ಮ ಮನಿಯವ್ರು’ ಅಂತೇನಲ್ರಿ.”

“ಎಮ್ಮಿಗೂ ಹೆಸರ ಹಿಡದು ಬೇಡ್ಕೊಂತಿ, ನನಗ ಇಲ್ಲ!”

“ಎಮ್ಮಿ ನನ್ನ ಗಂಡ ಏನ್ರಿ? ಗಂಡನ ಹೆಸರ ಹೆಂಗ ಹೇಳ್ಲಿ?”

“ಮನಿಯವ್ರು ಊರ ತುಂಬ ಅದಾರ. ಇವತ್ತರ ಅನ್ನು. ನನಗ ಅಂಜಿಕಿ ಆಗೇತಿ.”

ಆಕೆ ಸೆರಗು ತಲೆಗೆ ಎಳೆದುಕೊಂಡು, ಗಂಡನ ಕೈ ಹಿಡಿದು ಕಣ್ಣು ಮುಚ್ಚಿದಳು.

“ಸ್ವಾಮಿ... ನಮ್ಮ ದಾನಿಯೇಲಪ್ಪನವರನ್ನ ಕಾಯಪ್ಪಾ.”

“ಏನಂದಿ? ಕೇಳಲಿಲ್ಲ. ಇನ್ನೊಮ್ಮೆ ಅನ್ನು.”

“ಆಪರೇಷನ್ ಕಣ್ಣಿಂದು ಐತ್ರಿ, ಕಿವೀದಲ್ಲ. ಏಳ್ರಿ, ಸಿಸ್ಟರ್ ಕರಿಯಾಕತ್ತಾರ.”