ತಲೆ ಮೇಲಿನ ಮಣ್ಣು

…ಬಸ್ಸು ಬರಲ್ಲ ಅಂತ ಹೇಳಿದ್ನಲ್ಲ! ಇನ್ನೂ ಕತ್ತು ಚಾಚ್ಕೊಂಡು ರಸ್ತೇನೇ ನೋಡ್ತಾ ಕೂತಿದೀಯಲ್ಲ ಹುಲಿಯಮ್ಮ! ಶಿವನಿ ಹತ್ರ ಟೈರು ಒಡೆದು ನಿಂತೈತಂತೆ. ಯಾರು ಹೇಳಿದ್ರು ಅಂತಾನಾ? ಯಾರೋ ಹೇಳಿದ್ರು, ನಿನಗ್ಯಾಕೆ? ಈ ಕೇರಿಗೆ ಯಜಮಾನ ನಾನು, ಜವರಯ್ಯ. ನನಗೆ ಹತ್ತು ಜನ ಬಂದು ಹೇಳ್ತಾರೆ… ಯಾಕೆ ನಗ್ತೀಯ? ಸೆರಗು ಅಡ್ಡ ಹಿಡ್ಕೊಂಡು ನಕ್ರೆ ಕಾಣಲ್ಲ ಅಂದ್ಕೊಂಡ್ಯಾ?

ನಗು, ನಗು. ನಿನ್ನ ಗಂಡ ಓಬಳಪ್ಪ ನನ್ನ ಚಿಕ್ಕಪ್ಪನ ಮಗ. ಆ ಪುಣ್ಯಾತ್ಮ ಬದುಕಿದ್ದಿದ್ರೆ ನೀನು ಬಾವನ ಎದುರು ಹಿಂಗೆ ಕಾಲ್ಮೇಲೆ ಕಾಲು… ಆಯ್ತು, ಹಾಕಿಲ್ಲ, ಹಾಕಿಲ್ಲ ಬಿಡು! ಆದ್ರೆ ಎದ್ದು ನಿಂತ್ಯಾ? ನಿಲ್ಲಲಿಲ್ಲ! ಬಾವನ ಮುಂದೆ ಬಾಯಿ ಬಿಡಬಾರ್ದು ಅನ್ನೋ ಕಟ್ಟಳೆ ಮಾತ್ರ ಇವತ್ತು ಚೆನ್ನಾಗಿ ನೆಪ್ಪಾಗೈತೆ. ಸಂಘದ ಮೀಟಿಂಗ್‌ನಾಗೆ ಎಲ್ಲಿ ಹೋಗಿತ್ತು ಆ ಕಟ್ಟಳೆ? ಗಂಡಸ್ರ ನಡುವೆ ನಿಂತ್ಕೊಂಡು, “ಕೆರೆ ಹಿಂದ್ಲ ಎರೆ ಹೊಲ ಕೇರಿದು, ನಾನೇ ತರೀಕೆರೆಗೆ ಹೋಗಿ ಅಮಲ್ದಾರ್ ಮುಂದೆ ಹೇಳ್ತೀನಿ” ಅಂತ ಊರು ಕೇಳಂಗೆ ಕೂಗಿದ್ಯಲ್ಲ! ಈಗೇನು, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?

ಹೇಳು ನೋಡೋಣ. ಏನಂತ ಹೇಳ್ತೀಯ ಅಮಲ್ದಾರ್‌ಗೆ? ಏನೈತೆ ಹೇಳೋಕೆ? ದೀಪಾವಳಿ ಕಳೀತಿದ್ದಂಗೆ ತೀರ್ಮಾನ ಆಗೋಯ್ತಲ್ಲ ಕಣಮ್ಮಿ! ಸರ್ಕಾರ ಕೇರಿಗೆ ಕೊಟ್ಟಿರೋ ಹೊಲ ಹಳ್ಳದವರೆಗೂ ಐತೆ ಅಂತ ನೀವು. ಇಲ್ಲ, ಹೊಂಗೆಮರಕ್ಕೇ ಮುಗೀತು, ಅಲ್ಲಿಂದಾಚೆ ಬಾವಿ ಸಮೇತ ನಂದು ಅಂತ ಪಕ್ಕದ ಹೊಲದ ಸಾವ್ಕಾರ ಕಲ್ಲೇಶಪ್ಪ. ಸರ್ವೇಯರ್ ಬತ್ತಾನೆ, ಬತ್ತಾನೆ ಅಂತ ಕಾದು ಕಾದು ಕಣ್ಣು ಬಿದ್ದೋದ್ವು. ಕೊನೀಗೆ ಊರೂ ಕೇರೀನೂ ಕೂತು ಒಪ್ಕೊಂಡ್ವಿ: ಹಿಂದಿನೋರು ಮಾಡ್ತಿದ್ದಂಗೇ ಆಗ್ಲಿ, ಆ ಹೊಲದ ಮಣ್ಣನ್ನ ಕೇರಿ ಯಜಮಾನ ತಲೆ ಮ್ಯಾಲೆ ಹೊತ್ಕೊಂಡು ನಡೀಲಿ, ಅವನು ನಡೆದಿದ್ದೇ ಗಡಿ. ಒಪ್ಪಿದ್ರೋ ಇಲ್ವೋ? ಸಂಘದ ಮುನಿಯಪ್ಪ ಒಬ್ನೇ “ಬ್ಯಾಡ, ಸರ್ವೇಯರೇ ಬರ್ಲಿ” ಅಂದಿದ್ದು. ಅವನ ಬಾಯಿ ಮುಚ್ಚಿಸಿದ್ದು ಯಾರು? ನೀನು! “ಸರ್ವೇಯರ್ ಬಂದ್ರೆ ಕಲ್ಲೇಶಪ್ಪನ ಮನೇಲಿ ಉಣ್ತಾನೆ. ನಮ್ಮ ಬಾವ ಮಣ್ಣು ಹೊತ್ರೆ ಸುಳ್ಳು ನಡೆಯಲ್ಲ” ಅಂದೋಳು ನೀನು!

ಹೂಂ… ಈಗ ನೆಲ ನೋಡು.

ನಡ್ದೆ. ಉಪಾಸ ಇದ್ದೆ, ಕೆರೇಲಿ ಮುಳುಗೆದ್ದೆ, ಒದ್ದೆ ಪಂಚೇಲಿ, ಬೇವಿನಸೊಪ್ಪು ಬಾಯಲ್ಲಿ ಕಚ್ಕೊಂಡು, ತಲೆ ಮ್ಯಾಲೆ ಮಣ್ಣಿನ ಗಂಟು ಹೊತ್ಕೊಂಡು ನಡ್ದೆ. ಮಾರಮ್ಮ ಎತ್ಲಾಗೆ ಎಳೆದ್ಲೋ ಅತ್ಲಾಗೆ ಹೋದೆ. ಹೊಂಗೆಮರದ ಹತ್ರ ಕಾಲು ತಾನಾಗೇ ತಿರುಗ್ತು, ನಾನೇನು ಮಾಡ್ಲಿ? …ಏನು ಹಂಗೆ ದುರುಗುಟ್ತೀಯ? ತಿರುಗ್ತು ಅಂದ್ನಲ್ಲ! ಹಳ್ಳದವರೆಗೂ ಹೋಗಬೇಕು ಅಂತ ನನಗೂ ಇರ್ಲಿಲ್ವಾ? ಕಾಲು ಹೋಗ್ಲಿಲ್ಲ ಕಣೇ, ಹೋಗ್ಲಿಲ್ಲ!

ಮಣ್ಣು ಹೊತ್ತು ಸುಳ್ಳು ನಡೆದೋನು ಯುಗಾದಿ ಕಾಣಲ್ಲ ಅಂತಾರೆ ನಮ್ಮೋರು. ಯುಗಾದಿ ಬಂತು, ಹೋಯ್ತು. ಬೇವೂ ತಿಂದೆ, ಬೆಲ್ಲಾನೂ ತಿಂದೆ, ಒಬ್ಬಟ್ಟೂ ತಿಂದೆ. ಗುಂಡುಕಲ್ಲಿನಂಗಿದೀನಿ ನೋಡು! ಒಂದು ಕೆಮ್ಮಿಲ್ಲ, ಒಂದು ಜ್ವರ ಇಲ್ಲ. ಇದಕ್ಕಿಂತ ಸಾಕ್ಷಿ ಬೇಕಾ ನಿನಗೆ? ಅಮಲ್ದಾರ್ ದೊಡ್ಡೋನಾ, ಮಾರಮ್ಮ ದೊಡ್ಡೋಳಾ? ಹೇಳು… ಹೇಳಲ್ಲ.

ಯಾಕೆ ಕೇರಿ ಕಡೆ ನೋಡ್ತೀಯ? ಏನೈತಲ್ಲಿ? …ಓಹೋ, ನಮ್ಮನೆ ಹಂಚಾ? ಹುಲ್ಲು ತೆಗ್ದು ಹಂಚು ಹೊದಿಸಿದ್ದು ನಿನ್ನ ಕಣ್ಣು ಚುಚ್ತಾ? ಕಲ್ಲೇಶಪ್ಪ ಹಳೇ ಕೊಟ್ಟಿಗೆ ಕೆಡವಿಸಿದ, ಹಂಚು ಬಿದ್ದಿದ್ವು, ತಗೊಂಡು ಹೋಗು ಅಂದ, ತಂದ್ಕೊಂಡೆ. ಬಿಸಾಕಿದ್ದನ್ನ ತಂದ್ಕೊಂಡ್ರೆ ಕಳ್ಳನಾ ನಾನು? ನಿನ್ನ ಗಂಡ ಇದ್ದಾಗ ನಿಮ್ಮನೆ ಸೋರ್ತಿದ್ರೆ ಮೊದ್ಲು ಓಡಿ ಬತ್ತಿದ್ದೋನು ಯಾರು? ಈ ಜವರಯ್ಯನೇ! ಅದೆಲ್ಲ ಮರ್ತೋಯ್ತು.

ಸಂಘ, ಸಂಘ ಅಂತ ಕುಣಿದ್ರಿ. ಗೇಣಿ ಕಾನೂನು ಬಂದ್ಮೇಲೆ ಎಲ್ಲರ ತಲೆ ಮ್ಯಾಲೂ ಕೋಡು ಮೂಡ್ಯಾವೆ. ನೀವು ಅರ್ಜಿ ಹಾಕಿದ ಮಾರನೇ ದಿನದಿಂದ ಕಲ್ಲೇಶಪ್ಪ ಕೇರಿಯೋರ್ನ ಕೂಲಿಗೆ ಕರೆಯೋದೇ ಬಿಟ್ಟ. ಹನುಮಂತಮ್ಮನ ಮಕ್ಳು ಹುರುಳಿಕಟ್ಟು ಕುಡ್ಕೊಂಡು ಮಲಗ್ತಿದ್ವು, ನಿನಗೇನು ಗೊತ್ತಿಲ್ವಾ? ಸಂಘ ಬಂದು ಮುದ್ದೆ ತಿರುವಿ ಇಡ್ತಾ ಅವಕ್ಕೆ? ಮತ್ತೆ ಕೂಲಿಗೆ ಕರೆದಿದ್ದು ಯಾವಾಗ ಹೇಳು? ನಾನು ನಡೆದ ಮ್ಯಾಲೆ! ಕೇರಿಲಿ ಒಲೆ ಹತ್ಸಿದ್ದು ನಾನು ಕಣೇ!

…ಹುಬ್ಬು ಯಾಕೆ ಎತ್ತುತೀಯ? ಅದಕ್ಕೋಸ್ಕರ ನಡ್ದೆ ಅಂತ ಅಂದ್ನಾ ನಾನು? ಅಂದಿಲ್ಲ. ನಡೆದ ಮ್ಯಾಲೆ ಕರೆದ ಅಂದೆ. ಮಾತು ತಿರುಚಬ್ಯಾಡ! ಬಾಯಿ ಬಿಡದೇನೇ ಮಾತು ತಿರುಚ್ತೀಯಲ್ಲ, ಎಂಥಾ ಹೆಂಗಸೇ ನೀನು!

ನೋಡು, ಒಳ್ಳೆ ಮಾತಲ್ಲಿ ಹೇಳ್ತಿದೀನಿ. ಎದ್ದು ಮನೆಗೆ ನಡಿ. ಬಸ್ಸು ಹತ್ತಿದ್ಯೋ, ಸಂಜೆಗೇ ಕೇರಿ ಸೇರಿಸ್ತೀನಿ. ಹುಲಿಯಮ್ಮನಿಗೆ ಬೆಂಕಿ ಕೊಡಬಾರ್ದು, ನೀರು ಕೊಡಬಾರ್ದು, ಸತ್ರೆ ಹೆಣಕ್ಕೆ ಹೆಗಲು ಕೊಡಬಾರ್ದು ಅಂತ ಕಟ್ಟು ಮಾಡಿಸ್ತೀನಿ. ನಿನ್ನ ಮಗಳ ಮದ್ವೆಗೆ ಯಾವನು ಬಂದು ವೀಳ್ಯ ಹಿಡೀತಾನೋ ನಾನೂ ನೋಡ್ತೀನಿ… ಅಳು ಬತ್ತಾ? ಇಲ್ವಾ? ಒಂದು ಹನಿನೂ ಇಲ್ವಾ? ಥೂ, ಕಲ್ಲು ಕಣೇ ನೀನು!

ಹಾರ್ನು… ಲಾರಿ ಇರ್ಬೇಕು. ಕೂತ್ಕೋ. ಕೂತ್ಕೋ ಅಂದೆ!

ಏನದು, ಮಡಿಲಲ್ಲಿ? ಸೆರಗಿನ ಕೆಳಗೆ ಬಚ್ಚಿಟ್ಕೊಂಡಿದ್ದು… ಗಂಟು? ಓಬಳಪ್ಪನ ಹಳೇ ರುಮಾಲಲ್ವಾ ಇದು? ಅವತ್ತು ನೀನೇ ಹೊಲಕ್ಕೆ ಹೋಗಿ ಎರೆಮಣ್ಣು ಬಗೆದು ಇದರಲ್ಲೇ ಕಟ್ಟಿ ನನ್ನ ಕೈಗೆ ಕೊಟ್ಟಿದ್ದು… ಏನೈತೆ ಅದರಲ್ಲಿ? ಮಣ್ಣಾ? ಮಣ್ಣು ತಗೊಂಡು ಹೋಗ್ತಿದೀಯಾ ಅಮಲ್ದಾರ್ ಹತ್ರ? ಅವರ ಮುಂದೆ ನೀನೂ ಹೊರ್ತೀಯಾ? ಹೆಂಗಸು ಮಣ್ಣು ಹೊತ್ತಿದ್ದು ಎಲ್ಲಾದ್ರೂ ಕಂಡಿದ್ಯಾ?

ಅವತ್ತಿನದಲ್ಲ ತಾನೇ? ಹುಲಿ… ಇಲ್ಲಿ ನೋಡು. ಅವತ್ತಿನ ಮಣ್ಣಾ ಅದು? ನಿನಗೆಲ್ಲಿ ಸಿಕ್ತು? ಸಾಧ್ಯ ಇಲ್ಲ! ಸಾಧ್ಯಾನೇ ಇಲ್ಲ ಕಣೇ! ಕೆರೆಗೆ ಇಳಿದಾಗ್ಲೇ ಪೂರಾ ನೀರಿಗೆ ಸುರಿದ್ಬಿಟ್ಟೆ, ಒಂದು ಚಿಟಿಕೆ ಉಳೀದಂಗೆ ರುಮಾಲು ಒದರಿ, ಆಮೇಲೆ ತಾನೇ ನಮ್ಮ ಹಿತ್ಲ ಕೆಂಪುಮಣ್ಣು…

…

ಅಲ್ಲ. ಹಂಗಲ್ಲ. ನಾನು ಹೇಳಿದ್ದು… ಹುಲಿ, ಹಂಗೆ ನೋಡಬ್ಯಾಡ. ಆ ಹೊಲದ ಮಣ್ಣೇ ಹೊತ್ತಿದ್ರೆ ನಾನು ಬದುಕ್ತಿದ್ನಾ? ನೀನೇ ಹೇಳು, ಬದುಕ್ತಿದ್ನಾ? ಹೊಂಗೆಮರದ ಹತ್ರ ತಿರುಗು, ಇಲ್ದಿದ್ರೆ ಮುಂಗಾರಿಗೂ ನಿಮ್ಮೋರ್ನ ಕರೆಯಲ್ಲ ಅಂದ್ಬಿಟ್ಟ ಕಲ್ಲೇಶಪ್ಪ. ಮನೆಗೆ ಹಂಚೂ ಹಾಕಿಸ್ತೀನಿ ಅಂದ… ಹೂಂ, ಅಂದ. ತಿರುಗಬೇಕು, ಸಾಯಬಾರ್ದು, ಎರಡೂ ಆಗಬೇಕಿತ್ತಲ್ಲ ನನಗೆ! ಹಿತ್ಲ ಮಣ್ಣು ಹೊತ್ತೋನಿಗೆ ಹೊಲದ ಆಣೆ ತಟ್ಟಲ್ಲ ಅಂತ…

ಬಿಚ್ಚಬ್ಯಾಡ. ಬ್ಯಾಡ, ಬಿಚ್ಚಬ್ಯಾಡ ಕಣೇ…

ರೊಟ್ಟಿ.

ಬರೀ ರೊಟ್ಟಿ… ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ದಾರಿಗೆ ಕಟ್ಕೊಂಡಿದ್ದಾ? ಬುತ್ತಿನಾ ಇದು? ಮೊದಲೇ ಹೇಳೋಕೆ ಏನಾಗಿತ್ತು ನಿನಗೆ! “ಬುತ್ತಿ ಬಾವ” ಅಂತ ಒಂದು ಮಾತು, ಒಂದೇ ಒಂದು ಮಾತು ಅಂದಿದ್ರೆ ನಾನ್ಯಾಕೆ…

ಬಂತು, ಬಸ್ಸು ಬಂತು. ಹುಲಿಯಮ್ಮ, ನಿಂತ್ಕೋ. ಹೊಲ ಹಳ್ಳದವರೆಗೂ ನಮ್ಮದೇ ಅಂತ ಹೇಳ್ಕೋ ಹೋಗು, ನಾನು ಅಡ್ಡ ಬರಲ್ಲ. ಬೇಕಾದ್ರೆ ನಾನೂ ಬಂದು ಅದನ್ನೇ ಹೇಳ್ತೀನಿ. ಮಣ್ಣಿನ ಸುದ್ದಿ ಒಂದು ಬ್ಯಾಡ. ಕೇರಿಲಿ ಗೊತ್ತಾದ್ರೆ ನನಗೆ ಬೆಂಕಿ ಕೊಡೋರು ಯಾರು, ನೀರು ಕೊಡೋರು ಯಾರು? ಹೇಳಲ್ಲ ಅನ್ನು. ಹೇಳಲ್ಲ ಬಾವ ಅನ್ನು… ಏಯ್ ಕಂಡಕ್ಟ್ರೇ, ತಡಿಯಪ್ಪಾ! ಹುಲಿ… ಹೋಗ್ಲಿ, ಹೇಳ್ತೀನಿ ಅಂತಾದ್ರೂ ಅನ್ನೇ…