ಹಂಗಿಸೋಕೆ ಒಬ್ಬರು

ವಿದೇಶದ ಪಾಸಿರ್ ಪಂಜಾಂಗ್ ಬಡಾವಣೆಯ ಬಸ್ಸಿನಲ್ಲಿ, ಸತ್ಯವತಿಯ ಹಿಂದಿನ ಸೀಟಿನಲ್ಲಿದ್ದ ಹಿರಿಯರು ತಮ್ಮ ಪಕ್ಕದಲ್ಲಿ ಕನ್ನಡದಲ್ಲಿ ಫೋನ್ ಮಾತು ಮುಗಿಸಿದ, ಬೇಸ್‌ಬಾಲ್ ಟೋಪಿ ಹಾಕಿದ್ದ ಯುವತಿಯನ್ನು ಮಾತಿಗೆಳೆದರು.

"ಟೋಪಿ ಫ್ಯಾಷನ್‌ಗಾ, ಅಥವಾ ಬೇಸ್‌ಬಾಲ್ ನೋಡ್ತೀರಾ?"

"ಹದಿನೈದು ವರ್ಷದಿಂದ ನೋಡ್ತೀನಿ ಅಂಕಲ್. ನನ್ನ ಹೆಸರು ಗಾರ್ಗಿ. ಟೋಕಿಯೋದಲ್ಲಿ ಮನೆ ಓನರ್ ಅಜ್ಜಿ ಟೀವಿಗೆ ಬಯ್ಯೋದು ಕೇಳಿ ಕೇಳಿ ಹುಚ್ಚು ಹಿಡೀತು. ನಿಮಗೆ?"

"ನಾನು ಕೂಸಪ್ಪ. ಹಡಗಿನಲ್ಲಿದ್ದೆ. ಒಸಾಕಾದಲ್ಲಿ ಲೋಡಿಂಗ್ ನಿಂತ ದಿನ ಬಂದರಿನವರು ಸ್ಟೇಡಿಯಂಗೆ ಎಳ್ಕೊಂಡು ಹೋದ್ರು. ಆವತ್ತಿಂದ ನೋಡ್ತಿದ್ದೇನೆ, ಒಬ್ಬನೇ."

"ಒಸಾಕಾ ಟೀಮಾ? ನಾನು ಟೋಕಿಯೋ. ನಿಮ್ಮವರಿಗೆ ಈ ಸಲ ಕಷ್ಟ ಅಂಕಲ್."

ಮಾತು ಕೆಟ್ಟಿತಲ್ಲ ಅಂದುಕೊಂಡಳು ಸತ್ಯವತಿ.

"ಇಷ್ಟು ವರ್ಷ ಗೆದ್ರೂ ಹಂಗಿಸೋಕೆ ಒಬ್ಬರಿರಲಿಲ್ಲ ಮಾರಾಯ್ರೆ. ಶನಿವಾರ ಮ್ಯಾಚ್ ಉಂಟು, ಮನೆಗೆ ಬನ್ನಿ."

"ನೀವು ಸೋತ್ರೂ ಊಟ ಹಾಕ್ತೀರಾ?"

"ಹೆಂಡತಿ ಹಾಕ್ತಾಳೆ. ನಾನು ಮಾತ್ರ ಮಾತಾಡಿಸಲ್ಲ."

ಮುಂದಿನ ಸ್ಟಾಪಿನಲ್ಲಿ ಅವರಿಬ್ಬರೂ ಇಳಿದು, ಆಗಲೇ ವಾದಿಸುತ್ತಾ ಹೊರಟರು.