ಬಡೇಸಾಬರ ದೋಣಿಯ ಮೋಟಾರು ಹೊಳೆಗೆ ಬಿದ್ದ ಬಗ್ಗೆ

ನಾನು ಕೊಟ್ಟೂರೇಶ್ ಬಿನ್ ಉಜ್ಜನಪ್ಪ, ವಯಸ್ಸು 44 ವರ್ಷ, ಕೆಲಸ ಪಂಪ್‌ಸೆಟ್ ಮೋಟಾರು ರಿಪೇರಿ, ವಾಸ ಆನೆಕೊಂಡ, ದಾವಣಗೆರೆ. ಠಾಣೆಯಿಂದ ಫೋನ್ ಬಂದ ಮೇರೆಗೆ ಈ ದಿನ ಹರಿಹರಕ್ಕೆ ಬಂದು ಹಾಜರಾಗಿ, ಕಂಡದ್ದನ್ನೂ ಮಾಡಿದ್ದನ್ನೂ ಕ್ರಮವಾಗಿ ಹೇಳಿ ಬರೆಸುವುದೇನೆಂದರೆ,

ಹರಿಹರದ ಹೊಳೆ ದಂಡೆಯಲ್ಲಿ ಮೀನು ಹಿಡಿಯುವ ಬಡೇಸಾಬ್, ವಯಸ್ಸು 52, ನನಗೆ ಬಹಳ ವರ್ಷಗಳ ಸ್ನೇಹಿತರು. ಅವರ ಮನೆಯ ಮಿಕ್ಸಿ ಕೆಟ್ಟರೂ ನನಗೇ ಫೋನ್ ಬರುತ್ತಿತ್ತು. ಹರಿಹರದಲ್ಲಿ ರಿಪೇರಿ ಅಂಗಡಿಗಳು ಇಲ್ಲವೆಂದಲ್ಲ. ತೆಪ್ಪಕ್ಕೆ ಹುಟ್ಟು ಹಾಕಿ ಅವರ ಬಲಭುಜ ಸೋತಿದ್ದರಿಂದ, ಈ ಸಲ ದಸರಾ ಮುಗಿದ ಮೇಲೆ ಹಳೆಯ ಫೈಬರ್ ದೋಣಿಯೊಂದನ್ನು ಒಂದು ಕಡೆಯಿಂದಲೂ, ಅದರ ಹಿಂಬದಿಗೆ ಸಿಕ್ಕಿಸುವ ಹಳೆಯ ಪೆಟ್ರೋಲ್ ಮೋಟಾರನ್ನು ಇನ್ನೊಂದು ಕಡೆಯಿಂದಲೂ ಕೊಂಡು ತಂದರು.

ಮೋಟಾರು ಚಾಲೂ ಆಗುತ್ತಿತ್ತು. ವೇಗ ಕೊಟ್ಟೊಡನೆ ಕಿರುಚುತ್ತಿತ್ತು, ಹಿಂದೆ ನೀರು ಬೆಳ್ಳಗೆ ನೊರೆ ಏಳುತ್ತಿತ್ತು, ದೋಣಿ ಮಾತ್ರ ಎಮ್ಮೆಯ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು. ನಾನು ಭಾನುವಾರಗಳಲ್ಲಿ ಬಂದು ಕಾರ್ಬುರೇಟರ್ ತೊಳೆದೆ, ಪೆಟ್ರೋಲ್ ಪೈಪು ಬದಲಿಸಿದೆ, ನೀರೊಳಗೆ ತಿರುಗುವ ಫ್ಯಾನಿನ ಅಂಚು ಮುರಿದಿದ್ದರಿಂದ ಬೇರೆ ಫ್ಯಾನು ಹಾಕಿದೆ. ಆದರೂ ಸರಿಯಾಗಲಿಲ್ಲ. ಬಡೇಸಾಬರು, ಮುಂದಿನ ವಾರ ನೋಡಿದ್ರಾತು ಬಿಡು ಕೊಟ್ರೇಶಿ, ಹೊಳೆ ಎಲ್ಲೂ ಓಡಿ ಹೋಗಲ್ಲ ಎಂದರು.

ದಿನಾಂಕ 16-11-2024ರ ಶನಿವಾರ ಮಧ್ಯಾಹ್ನ ನಾನು ಬಾತಿಯಲ್ಲಿ ಬೋರ್‌ವೆಲ್ ಮೋಟಾರು ಎತ್ತಿಸುತ್ತಿದ್ದಾಗ ಬಡೇಸಾಬರ ಹೆಂಡತಿ ಹಜೀರಾಬೀ ಫೋನ್ ಮಾಡಿ, ದೋಣಿ ಸರಿಯಾಗೈತೆ, ಹರೀಶ ಅಂತ ಬಂದಾನೆ, ಬಂದು ಒಂದೇ ತಾಸಿಗೆ ದೋಷ ಕಂಡು ಹಿಡಿದ, ನಾಳೆ ಊಟಕ್ಕೆ ಬರ್ರಿ ಎಂದು ತಿಳಿಸಿದರು. ಹರೀಶ ಹರಿಹರದವರೇ. ಕರಾವಳಿಯಲ್ಲಿ ಸಮುದ್ರದ ದೋಣಿಗಳ ಮೇಲೆ ದುಡಿದು ಈಚೆಗೆ ಊರಿಗೆ ಮರಳಿದವರು. ಭಾನುವಾರದ ತನಕ ನನಗೆ ತಡೆಯಲಾಗಲಿಲ್ಲ. ಬಾತಿಯ ಕೆಲಸ ಅರ್ಧಕ್ಕೆ ಬಿಟ್ಟು ಬೈಕಿನಲ್ಲಿ ಹರಿಹರಕ್ಕೆ ಬಂದೆ.

ಬಡೇಸಾಬರ ಮನೆಯಂಗಳದಲ್ಲಿ ಹರೀಶ ಅವರು ಬಡೇಸಾಬರ ಲುಂಗಿ ಉಟ್ಟು ಕೂತಿದ್ದರು. ಅವರ ಬಟ್ಟೆ ನೆನೆದಿದ್ದರಿಂದ ಕೊಟ್ಟಿದ್ದಂತೆ. ನನಗೆ ಇಷ್ಟು ವರ್ಷಗಳಲ್ಲಿ ಆ ಮನೆಯ ಲುಂಗಿ ಉಡುವ ಪ್ರಸಂಗ ಬಂದಿಲ್ಲ. ಹರೀಶ ಎದ್ದು ನಿಂತು, ಅಣ್ಣಾ, ನಿಮ್ಮ ಫ್ಯಾನಿಗೆ ಏನೂ ಆಗಿಲ್ಲ, ದೋಣಿಯ ಹಿಂದಿನ ಹಲಗೆ ಎತ್ತರ, ಮೋಟಾರಿನ ಕಾಲು ಗಿಡ್ಡ, ಫ್ಯಾನು ನೀರಿನ ಜೊತೆ ಗಾಳೀನೂ ಎಳ್ಕೊಂತಿತ್ತು, ಅದಕ್ಕೇ ಬರೀ ಒದರ್ತಿತ್ತು ಎಂದರು. ಹಲಗೆಯನ್ನು ನಾಲ್ಕು ಬೆರಳು ಕೊಯ್ದು ಮೋಟಾರು ಕೆಳಗಿಳಿಸಿದ್ದರು. ಅವರು ಹೇಳಿದ್ದು ಸರಿಯೆಂದು ನನಗೆ ಆಗಲೇ ತಿಳಿಯಿತು. ಬಡೇಸಾಬರು ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಹೆಂಗೆ ನಮ್ಮ ಹುಡುಗ ಎಂದು ನನ್ನನ್ನು ಕೇಳಿದರು. ನಾನು ಬೈಕಿನ ಕೀಲಿ ತೆಗೆದುಕೊಂಡೆ. ಹೊರಡುವಾಗ ಹಜೀರಾಬೀಯವರ ತಮ್ಮ ಕುತುಬುದ್ದೀನ್ ಎದುರಾದರು. ಈ ಮೋಟಾರು ಒಂದಿನ ಹೊಳೆ ಪಾಲಾಗುತ್ತೆ, ನೋಡ್ತಿರು ಎಂದು ಅವರಿಗೆ ಹೇಳಿದ್ದು ನಿಜ. ಮೋಟಾರನ್ನು ಮುಟ್ಟಲಿಲ್ಲ.

ದಿನಾಂಕ 17-11-2024ರ ಭಾನುವಾರ ಬೆಳಿಗ್ಗೆ ಸುಮಾರು 8-00 ಗಂಟೆಗೆ ಹಳೇ ಸೇತುವೆಗಿಂತ ಸ್ವಲ್ಪ ಮೇಲ್ಗಡೆ, ದಂಡೆಯಿಂದ ಹೊಳೆಗೆ ದೋಣಿ ಇಳಿಸಿದರು. ನಾನು ಆರು ಅಡಿ ದೂರದಲ್ಲಿ ನಿಂತಿದ್ದೆ. ಮೋಟಾರನ್ನು ಕೈಯಿಂದ ತಿರುಗಿಸುವ ಎರಡು ಸ್ಕ್ರೂಗಳಿಂದ ಮಾತ್ರ ಹಲಗೆಗೆ ಬಿಗಿದಿದ್ದರು. ಹಲಗೆ ತೂರಿ ಹಾಕುವ ಬೋಲ್ಟುಗಳಿರಲಿಲ್ಲ, ದೋಣಿಗೆ ಸರಪಳಿಯನ್ನೂ ಕಟ್ಟಿರಲಿಲ್ಲ. ಒಂದು ಸುತ್ತು ಓಡಿಸಿ ಎತ್ತರ ಸರಿ ಕೂತರೆ ಆಮೇಲೆ ಬೋಲ್ಟ್ ಹಾಕೋಣ ಎಂದು ಹರೀಶ ಬಡೇಸಾಬರಿಗೆ ಹೇಳುತ್ತಿದ್ದರು. ಅದುರುವ ಮೋಟಾರು ಬರೀ ಕೈಸ್ಕ್ರೂವಿನಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಕಸುಬಿನಲ್ಲೇ ನನಗೆ ಗೊತ್ತು. ನಾನು ಹೇಳಲಿಲ್ಲ.

ಯಾಕೆ ಹೇಳಲಿಲ್ಲವೆಂದು ತಾವು ಕೇಳಿದ್ದಕ್ಕೆ ಹೇಳುವುದೇನೆಂದರೆ, ನಡುಹೊಳೆಯಲ್ಲಿ ಮೋಟಾರು ಸ್ವಲ್ಪ ಸಡಿಲಾಗಿ ದೋಣಿ ನಿಲ್ಲಲಿ, ಹರೀಶನಿಗೆ ಮುಖಭಂಗವಾಗಲಿ, ಬಡೇಸಾಬಣ್ಣ ದಂಡೆಯ ಕಡೆ ತಿರುಗಿ ನನ್ನನ್ನು ಕೂಗಲಿ ಎಂದು ನನ್ನ ಮನಸ್ಸಿನಲ್ಲಿತ್ತು. ದೋಣಿಯೊಳಗೆ ಬಡೇಸಾಬಣ್ಣನೂ ಇರುತ್ತಾರೆಂಬುದು ಆ ಗಳಿಗೆಯಲ್ಲಿ ತಲೆಗೆ ಹೋಗಲಿಲ್ಲ.

ಹರೀಶ ಹಿಡಿಕೆ ಹಿಡಿದು ಹಿಂದೆ, ಬಡೇಸಾಬರು ಮುಂದೆ ಕೂತರು. ದೋಣಿ ಓಡಿತು. ಕಿರುಚಲಿಲ್ಲ, ನೊರೆ ಏಳಲಿಲ್ಲ, ಮೂತಿ ಎತ್ತಿ ನೆಟ್ಟಗೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಬಡೇಸಾಬರು ತಾವೇ ಹಿಡಿಕೆ ಹಿಡಿದರು. ದಂಡೆಯ ಕಡೆ ತಿರುಗಿ, ನೋಡಲೇ ಕೊಟ್ರೇಶಿ ಎಂದು ಕೂಗಿದರು. ಹರೀಶ ಪಕ್ಕದಲ್ಲೇ ಇದ್ದರೂ ನನ್ನ ಹೆಸರು ಹಿಡಿದೇ ಕೂಗಿದರು. ಆಗ ನನಗೆ ನಿಲ್ಲಲಾಗಲಿಲ್ಲ. ಮೊಣಕಾಲುದ್ದ ನೀರಿಗಿಳಿದು, ಬೋಲ್ಟ್ ಇಲ್ಲಣ್ಣೋ, ನಿಲ್ಸು ಎಂದು ಎರಡೂ ಕೈ ಬೀಸಿ ಅರಚಿದೆ. ಮೋಟಾರಿನ ಸದ್ದಿಗೆ ಕೇಳಿಸಲಿಲ್ಲ. ನಾನು ಖುಷಿಗೆ ಕೈ ಬೀಸುತ್ತಿದ್ದೇನೆಂದು ತಿಳಿದು ಅವರೂ ಕೈ ಎತ್ತಿದರು, ದೋಣಿಯನ್ನು ರಭಸದಿಂದ ದಂಡೆಯ ಕಡೆಗೆ ತಿರುಗಿಸಿದರು. ಮೋಟಾರು ಹಲಗೆಯಿಂದ ಎದ್ದು ಮಗುಚಿ ನೀರಿಗೆ ಬಿತ್ತು. ಬಡೇಸಾಬರು ತಲೆಗೆ ದೋಣಿಯ ಅಂಚು ಬಡಿದು ಹೊಳೆಗೆ ಬಿದ್ದರು.

ಹರೀಶ ಕೂಡಲೇ ದೋಣಿಯಿಂದ ನೀರಿಗೆ ಹಾರಿದರು. ದಂಡೆಯಲ್ಲಿದ್ದ ತೆಪ್ಪವನ್ನು ನಾನು ನೀರಿಗೆ ತಳ್ಳಿ, ಹತ್ತಿ, ಹುಟ್ಟು ಹಾಕಿಕೊಂಡು ಹೋದೆ. ಸುಮಾರು ಐವತ್ತು ಮೀಟರ್ ದೂರ. ನನಗೆ ಈಜು ಬರುವುದಿಲ್ಲ. ನಾನು ಮುಟ್ಟುವ ತನಕ ಹರೀಶ ಅವರು ಬಡೇಸಾಬರ ಗದ್ದ ಹಿಡಿದು ಮುಖ ನೀರಿನ ಮೇಲೆ ನಿಲ್ಲಿಸಿದ್ದರು. ಅವರು ಕೆಳಗಿನಿಂದ ಎತ್ತಿದರು, ನಾನು ಮೇಲಿನಿಂದ ಎಳೆದೆ. ಬಡೇಸಾಬರಿಗೆ ಪ್ರಜ್ಞೆ ಇರಲಿಲ್ಲ. ಆಂಬುಲೆನ್ಸಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. 

ಅದೇ ಸಂಜೆ ಕುತುಬುದ್ದೀನ್ ಅವರು, ನಾನು ಹಿಂದಿನ ದಿನವೇ ಸ್ಕ್ರೂ ಸಡಿಲಿಸಿದ್ದೇನೆಂದು ದೂರು ಕೊಟ್ಟಿರುತ್ತಾರೆ. ಅದು ಸುಳ್ಳು. ತಿಳಿದೂ ಬಾಯಿ ಮುಚ್ಚಿಕೊಂಡಿದ್ದೆ, ಅದು ಸತ್ಯ. ಹರೀಶ ಅವರ ಮೇಲೆ ನನ್ನ ದೂರು ಇಲ್ಲ.

ದಿನಾಂಕ 18-11-2024ರ ಬೆಳಿಗ್ಗೆ ವಾರ್ಡಿನಲ್ಲಿ ರೋಗಿಯ ಹತ್ತಿರ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಹಜೀರಾಬೀಯವರು ನಮಾಜಿಗೆ ಹೋಗಿದ್ದರಿಂದ ನಾನು ಮಂಚದ ಪಕ್ಕದಲ್ಲಿದ್ದೆ. ಬಡೇಸಾಬರು ಕಣ್ಣು ಬಿಟ್ಟರು. ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು. ನಾನು ಬೋಲ್ಟಿನ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, ಹರೀಶ ಹೆಂಗದಾನೆ ಎಂದು ಕೇಳಿದರು. ಹುಷಾರಾಗಿದ್ದಾನೆ ಎಂದು ನಾನೇ ಹೇಳಿದೆ. ಅವರು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡು ಹೊರಗೆ ಬಂದೆ. ಹರೀಶ ಅವರು ಮೆಟ್ಟಿಲ ಮೇಲೆ ಕೂತಿದ್ದರು. ನಿನ್ನನ್ನು ಕೇಳ್ತಿದಾರೆ, ಹೋಗು ಎಂದು ಹೇಳಿ ನಾನು ಮೆಟ್ಟಿಲ ಮೇಲೆ ಕೂತೆ.

ನಾನು ಹೇಳಿದಂತೆಯೇ ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಎಲ್ಲವೂ ನಿಜ, ಯಾರ ಒತ್ತಾಯದಿಂದಲೂ ಹೇಳಿದ್ದಲ್ಲ.

ಸ್ಥಳ: ಹರಿಹರ
ದಿನಾಂಕ: 19-11-2024
ಸಹಿ: ಕೊಟ್ಟೂರೇಶ್ ಉಜ್ಜನಪ್ಪ